ಎರಡು ಕೋರ್, ಒಂದು ಯುಪಿಎಸ್, ಆಗುಂಬೆಯ ಮಳೆ

ಈ ಸಲ ಒಂದು ಅಗ್ಗದ ಚಿಪ್ಪಿನ ಇತಿಹಾಸ ಹೇಳ್ತೀನಿ. ನೀವು ಇದನ್ನ ಕೇಳ್ತಿರೋ ಫೋನಲ್ಲೇ ಬಹುಶಃ ಎಂಟು ಕೋರ್ ಇದೆ. ಆದರೆ ಆಗುಂಬೆಯಿಂದ ತೀರ್ಥಹಳ್ಳಿವರೆಗೆ ಯಾವುದಾದರೂ ಜೆರಾಕ್ಸ್ ಅಂಗಡಿಗೋ ಅಡಿಕೆ ಮಂಡಿಗೋ ಹೋಗಿ ನೋಡಿ. ಮೇಜಿನ ಕೆಳಗೆ ಗುಂಯ್ ಅಂತಿರೋ ಡಬ್ಬದೊಳಗೆ ಎರಡೇ ಕೋರ್ ಇರೋ ಸಾಧ್ಯತೆ ಚೆನ್ನಾಗೇ ಇದೆ. ಅದನ್ನ ಇಟ್ಕೊಬೇಕಾ, ಗುಜರಿಗೆ ಹಾಕ್ಬೇಕಾ? ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ ಮೇಲೆ ಈ ಪ್ರಶ್ನೆ ಸುಮ್ಮನೆ ಹರಟೆಯ ವಿಷಯವಾಗಿ ಉಳಿದಿಲ್ಲ. ಹೊಸ ಕಂಪ್ಯೂಟರ್ ಅಂದ್ರೆ ಸಣ್ಣ ಅಂಗಡಿಗೆ ಒಂದೆರಡು ತಿಂಗಳ ದುಡಿಮೆ.

ಮೊದಲು ಎರಡು ಕೋರ್ ಯಾಕೆ ಬಂತು ನೋಡೋಣ. 2000ದ ನವೆಂಬರಲ್ಲಿ ಇಂಟೆಲ್ ಪೆಂಟಿಯಂ 4 ಬಂದಾಗ ಅದರ ವೇಗ 1.5 ಗಿಗಾಹರ್ಟ್ಸ್ ಆಸುಪಾಸು. ನಾಲ್ಕು ವರ್ಷದಲ್ಲಿ ಅದು 3.8ಕ್ಕೆ ಏರ್ತು. ಜಾಹೀರಾತೆಲ್ಲ ಗಿಗಾಹರ್ಟ್ಸ್‌ದೇ. 4 ಗಿಗಾಹರ್ಟ್ಸ್ ಚಿಪ್ಪೂ ಬರುತ್ತೆ ಅಂತ ಹೇಳಿದ್ದ ಕಂಪನಿ 2004ರಲ್ಲಿ ಅದನ್ನ ಕೈಬಿಡ್ತು. ಮುಖ್ಯ ತೊಡಕು ಶಾಖ. ವೇಗ ಏರಿಸಿದಷ್ಟೂ ಚಿಪ್ಪು ಕಾಯುತ್ತೆ, ಕರೆಂಟೂ ಹೆಚ್ಚು ಕುಡಿಯುತ್ತೆ. ಒಬ್ಬನನ್ನೇ ಓಡಿಸಿ ಸುಸ್ತು ಮಾಡೋ ಬದಲು ಇಬ್ಬರನ್ನ ನಡೆಸೋಣ ಅನ್ನೋ ಯೋಚನೆಗೆ ಬಲ ಬಂದದ್ದು ಹೀಗೆ.

2005ರಲ್ಲಿ ಬಂದ ಪೆಂಟಿಯಂ ಡಿ ಎರಡು ಕೋರಿನದು, ಆದರೆ ಅದೂ ಒಲೆಯೇ. ಅದರ ಅಗ್ಗದ 805 ಮಾದರಿಗೂ 95 ವ್ಯಾಟ್ ಲೆಕ್ಕ. ನಿಜವಾದ ತಿರುವು 2006ರ ಜುಲೈಯಲ್ಲಿ ಬಂದ ಕೋರ್ 2 ಡ್ಯುಯೊ. ಗಿಗಾಹರ್ಟ್ಸ್ ಕಡಿಮೆ, ಕೆಲಸ ಹೆಚ್ಚು, 65 ವ್ಯಾಟ್. ಮರುವರ್ಷ ಜೂನಲ್ಲಿ ಅದನ್ನೇ ಮೊಟಕು ಮಾಡಿ ಪೆಂಟಿಯಂ ಡ್ಯುಯಲ್ ಕೋರ್ ಇ2140 ಅಂತ ಬಿಟ್ಟರು. 1.6 ಗಿಗಾಹರ್ಟ್ಸ್, 74 ಡಾಲರ್. ಆಗಿನ ವಿನಿಮಯ ದರದಲ್ಲಿ ಸುಮಾರು 3,000 ರೂಪಾಯಿ, ತೆರಿಗೆ, ಅಂಗಡಿ ಲಾಭ ಬಿಟ್ಟು.

ಅಗ್ಗ ಮಾಡಿದ್ದು ಹೇಗೆ ಅನ್ನೋದನ್ನ ಬಿಕಾಂ ಓದಿದವನ ಭಾಷೇಲಿ ಹೇಳ್ತೀನಿ. ಕ್ಯಾಶ್ ಅಂದ್ರೆ ಗಲ್ಲಾದ ಪಕ್ಕದ ಕಪಾಟು, ರ‍್ಯಾಮ್ ಅಂದ್ರೆ ಹಿತ್ತಲ ಗೋಡೌನು. ಗಿರಾಕಿ ಕೇಳಿದ್ದು ಕಪಾಟಲ್ಲೇ ಇದ್ರೆ ವ್ಯಾಪಾರ ಚುರುಕು. ದುಬಾರಿ ಕೋರ್ 2 ಡ್ಯುಯೊಗೆ 4 ಎಂಬಿ ಕಪಾಟು, ಇ2140ಗೆ ಬರೀ 1 ಎಂಬಿ. ನೌಕರರು ಅದೇ ತಳಿಯವರು, ಗೋಡೌನಿಗೆ ಓಡಾಟ ಮಾತ್ರ ಜಾಸ್ತಿ. ಬಿಲ್ ಮಾಡೋಕೆ, ನುಡಿಯಲ್ಲೋ ಬರಹದಲ್ಲೋ ಅರ್ಜಿ ಟೈಪ್ ಮಾಡೋಕೆ ಇದು ಧಾರಾಳ ಸಾಕಿತ್ತು. (ಮುಂದಿನ ವರ್ಷವೇ, 2008ರಲ್ಲಿ, ಇಂಟೆಲ್‌ನ ಬೆಂಗಳೂರು ತಂಡ ರೂಪಿಸಿದ ಆರು ಕೋರಿನ ಜಿಯಾನ್ 7400 ಹೊರಬಂತು. ಅದು ಸರ್ವರ್‌ಗಳಿಗೆ. ನಮ್ಮ ಕಡೆಗೆ ಎರಡೇ.)

ಆಗಿನ ವಿಮರ್ಶಕರು ಈ ಚಿಪ್ಪನ್ನ ಹೊಗಳಿದ್ದು ಮುಖ್ಯವಾಗಿ ಓವರ್‌ಕ್ಲಾಕಿಂಗ್‌ಗೆ. 1.6 ಇದ್ದದ್ದನ್ನ ಎಳೆದು 2.6, 3 ಗಿಗಾಹರ್ಟ್ಸ್ ಮಾಡೋದು. ಆಗುಂಬೆಯಲ್ಲಿ ಅದನ್ನ ಮಾಡಿ ಏನ್ ಪ್ರಯೋಜನ ಹೇಳಿ! ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ, ಲೈನಿನ ಮೇಲೆ ಬೀಳೋ ಮರ, ಹೋದ ಕರೆಂಟು ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಇಲ್ಲಿ ಚಿಪ್ಪಿನ ಪರೀಕ್ಷೆ ಒಂದೇ: ಕರೆಂಟ್ ಹೋದ ಮೇಲೆ 600 ವಿಎ ಯುಪಿಎಸ್ ಬೀಪ್ ಬೀಪ್ ಅಂತಿರೋವಾಗ ಅರ್ಧ ಮಾಡಿದ ಬಿಲ್ಲು ಸೇವ್ ಆಗುತ್ತಾ? 95ರಿಂದ 65ಕ್ಕೆ ಇಳಿದದ್ದು ಈ ಕೆಲವು ನಿಮಿಷಗಳಿಗೆ ಬೇಕಿತ್ತು. ಹಾಗಂತ ಪೂರ್ತಿ ಶ್ರೇಯಸ್ಸನ್ನ ಚಿಪ್ಪಿಗೇ ಕೊಡಲ್ಲ. ಹಳೇ ದಪ್ಪ ಮಾನಿಟರ್ ಒಂದೇ ಸುಮಾರು 70 ವ್ಯಾಟ್ ತಿಂತಿತ್ತು, ತೆಳ್ಳಗಿನ ಎಲ್‌ಸಿಡಿ ಮಾಡಿದ ಉಪಕಾರ ಇದಕ್ಕಿಂತ ಕಡಿಮೆಯೇನಲ್ಲ.

ಇನ್ನೊಂದು ತಮಾಷೆ. ಬೇರೆ ಊರಲ್ಲಿ ಶಾಖ ಶತ್ರು, ಇಲ್ಲಿ ಮಳೆಗಾಲದಲ್ಲಿ ಅದೇ ನೆಂಟ. ದಿನಾ ಸ್ವಲ್ಪ ಹೊತ್ತು ಆನ್ ಇದ್ದ ಕಂಪ್ಯೂಟರ್ ಒಳಗೆ ತೇವ ನಿಲ್ಲೋದು ಕಷ್ಟ. ವಾರಗಟ್ಟಲೆ ಮುಚ್ಚಿಟ್ಟದ್ದು ಮಾತ್ರ ಎದ್ದೇಳಲ್ಲ. ಆಗ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನ ರಬ್ಬರಿನಿಂದ ಉಜ್ಜಬೇಕು. ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿರೋ ಹಾರ್ಡ್‌ವೇರ್ ವಿದ್ಯೆ ಇದೊಂದೇ.

ಹತ್ತು ವರ್ಷ ಮುಂದೆ ಹೋಗೋಣ. 2017ರ ಜನವರಿಯಲ್ಲಿ ಪೆಂಟಿಯಂ ಜಿ4560 ಬಂತು, 64 ಡಾಲರಿಗೆ. ಎರಡು ಕೋರ್, 3.5 ಗಿಗಾಹರ್ಟ್ಸ್, 54 ವ್ಯಾಟ್. ಜೊತೆಗೆ ಹೈಪರ್‌ಥ್ರೆಡಿಂಗ್, ಅಂದ್ರೆ ಒಂದೊಂದು ಕೋರೂ ಎರಡು ಕೆಲಸಗಳನ್ನ ಸಾಲಲ್ಲಿ ಹಿಡಿದುಕೊಂಡಿರುತ್ತೆ. ಅದೇ ಪೀಳಿಗೆಯ ಐ3-7100ಗೆ 117 ಡಾಲರ್. ಅಲ್ಲೂ ಎರಡೇ ಕೋರ್, 3 ಎಂಬಿಯದ್ದೇ ಕ್ಯಾಶ್, ವೇಗ 3.9. ಸ್ವಲ್ಪ ವೇಗಕ್ಕೂ ಒಂದೆರಡು ಸೌಲಭ್ಯಕ್ಕೂ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ! ನನ್ನ ಲೆಕ್ಕದಲ್ಲಿ ಅಗ್ಗದ ಡ್ಯುಯಲ್ ಕೋರ್ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೇ ಖರೀದಿ ಇನ್ನೊಂದಿಲ್ಲ. ಆರೇ ತಿಂಗಳಿಗೆ, ಜುಲೈ 1ಕ್ಕೆ, ಜಿಎಸ್‌ಟಿ ಬಂತು. ಅಲ್ಲಿಯವರೆಗೆ ಕೆಂಪು ಬಟ್ಟೆಯ ಪುಸ್ತಕದಲ್ಲಿ ಲೆಕ್ಕ ಬರೀತಿದ್ದವರಿಗೂ ರಿಟರ್ನ್ ಸಲ್ಲಿಸೋಕೆ ಕಂಪ್ಯೂಟರ್, ಟ್ಯಾಲಿ ಬೇಕಾಯ್ತು. ಇಂಥ ಹೊತ್ತಲ್ಲಿ ಈ ಚಿಪ್ಪು ಕೈಗೆಟುಕೋ ಹಾಗಿತ್ತು.

ಆದರೆ 2021ರ ಅಕ್ಟೋಬರಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್ ಗೆರೆ ಎಳೀತು. ಇಂಟೆಲ್‌ನದಾದರೆ ಹೆಚ್ಚುಕಡಿಮೆ 8ನೇ ಪೀಳಿಗೆಯಿಂದ ಮುಂದಕ್ಕೆ ಮಾತ್ರ. ಜಿ4560 ಏಳನೇದು. ಎರಡು ಕೋರ್ ಸಾಲದು ಅಂತಲ್ಲ, ವಿಂಡೋಸ್ 11 ಕೇಳೋದೇ ಕನಿಷ್ಠ ಎರಡು ಕೋರ್, 1 ಗಿಗಾಹರ್ಟ್ಸ್. ಐದು ವರ್ಷವೂ ತುಂಬದ ಚಿಪ್ಪು, ಕೆಲಸ ಮಾಡೋ ಶಕ್ತಿ ಇದ್ದೂ, ಪಟ್ಟಿಯಿಂದ ಹೊರಗೆ. ಭದ್ರತೆಯ ಕಾರಣ ಕೊಟ್ಟರು, ಅದರಲ್ಲಿ ಹುರುಳಿಲ್ಲ ಅನ್ನಲ್ಲ. ಆದರೆ ಅದರ ಬಿಲ್ಲು ಬರ್ತಿರೋದು ಅಂಗಡಿಯವನ ಹೆಸರಿಗೆ.

ಹಾಗಾದ್ರೆ ಏನ್ ಮಾಡೋದು? ಇ2140 ಇದ್ದರೆ ಅದನ್ನ ಇಂಟರ್ನೆಟ್‌ನಿಂದ ಬಿಡಿಸಿ. ಅದರ ಜೊತೆ ಸಾಮಾನ್ಯವಾಗಿ ಬರ್ತಿದ್ದ ಬೋರ್ಡುಗಳಿಗೆ 4 ಜಿಬಿ ರ‍್ಯಾಮ್‌ಗಿಂತ ಹೆಚ್ಚು ಹಿಡಿಯಲ್ಲ, ಇವತ್ತಿನ ಬ್ರೌಸರ್ ಒಂದೇ ಅದನ್ನ ನುಂಗುತ್ತೆ. ಟೈಪಿಂಗ್, ಪ್ರಿಂಟಿಂಗಿಗೆ ಇರಲಿ. ಜಿ4560 ಆದರೆ ಎಸೀಬೇಡಿ. 8 ಜಿಬಿ ರ‍್ಯಾಮ್, ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ. ಬ್ರೌಸರ್, ಕನ್ನಡ ಟೈಪಿಂಗ್ ಸಾಕು ಅನ್ನೋರಿಗೆ ಲಿನಕ್ಸ್ ಆಗುತ್ತೆ. ಟ್ಯಾಲಿ ಬೇಕು ಅಂದ್ರೆ ವಿಂಡೋಸ್ ಬಿಡೋಕಾಗಲ್ಲ. ಅಂಥ ಮನೆಬಳಕೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ 2026ರ ಅಕ್ಟೋಬರ್ ಅಂತ ಗಡುವಿಟ್ಟಿದ್ದಾರೆ. ಹೊಸದು ತಗೊಳ್ಳೋ ಯೋಚನೆ ಇದ್ದರೆ ಮೊದಲು ಯುಪಿಎಸ್‌ನ ಬ್ಯಾಟರಿ ಬದಲಿಸಿ, ಆಮೇಲೆ ಚಿಪ್ಪಿನ ಬೆಲೆ ಕೇಳಿ.