ಎಣ್ಣೆಗೆ ಕಟ್ಟಿದ ವಾಯಿದೆ: ಕಾರಿನ ಸರ್ವಿಸ್ ದೀಪದ ಚರಿತ್ರೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸ್ಪ್ಯಾನರ್ ಆಕಾರದ ದೀಪವಾಗಿಯೋ, ಇನ್ನೆಷ್ಟು ಕಿಲೋಮೀಟರ್ ಉಳಿದಿದೆ ಎಂಬ ಅಂಕಿಯಾಗಿಯೋ ಕಾಣಿಸಿಕೊಳ್ಳುವ ಸರ್ವಿಸ್ ಸೂಚನೆಯು ಹಿಂದಿನ ಸರ್ವಿಸ್‌ನಿಂದ ಈಚೆಗೆ ವಾಹನ ಎಷ್ಟು ದುಡಿದಿದೆ ಎಂಬುದರ ಲೆಕ್ಕವನ್ನಷ್ಟೇ ಒಪ್ಪಿಸುತ್ತದೆ. ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕೆಂಬ ತೀರ್ಮಾನವು ಚಾಲಕನ ಕೈ-ಕಣ್ಣುಗಳಿಂದ ಮುದ್ರಿತ ಕೋಷ್ಟಕಕ್ಕೆ, ಅಲ್ಲಿಂದ ಕಂಪ್ಯೂಟರಿನ ಗಣಿತಕ್ಕೆ ದಾಟಿ ಬಂದ ಬಗೆಯೇ ಈ ದೀಪದ ಚರಿತ್ರೆಯಾಗಿದೆ.

ಅಮೆರಿಕದಲ್ಲಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇರಲಿಲ್ಲ. ಎಂಜಿನ್ನಿನ ತಳಭಾಗದಲ್ಲಿ ಒಂದರ ಕೆಳಗೊಂದು ಎರಡು ಪುಟ್ಟ ನಲ್ಲಿಗಳಿದ್ದವು. ಕಾರಿನಡಿಗೆ ಕೈಹಾಕಿ ಅವನ್ನು ತಿರುಗಿಸಿ, ಎಣ್ಣೆಯ ಮಟ್ಟ ಆ ಎರಡರ ನಡುವೆ ಇದೆಯೇ ಎಂದು ಚಾಲಕನೇ ಖಚಿತಪಡಿಸಿಕೊಳ್ಳಬೇಕಿತ್ತು. ಅಂದಿನ ಎಂಜಿನ್‌ಗಳಲ್ಲಿ ಎಣ್ಣೆ ಸೋಸುವ ಫಿಲ್ಟರ್ ಇರಲಿಲ್ಲ, ರಸ್ತೆಗಳು ಧೂಳಿನವು, ಎಣ್ಣೆಯಲ್ಲಿ ಕೊಳೆಯನ್ನು ತಡೆಹಿಡಿಯುವ ರಾಸಾಯನಿಕಗಳೂ ಇರಲಿಲ್ಲವಾದ್ದರಿಂದ, ಸಾವಿರ ಮೈಲಿ ಕಳೆಯುವುದರೊಳಗೇ ಆಯಿಲ್ ಬದಲಿಸುವುದು ಸಾಮಾನ್ಯವಾಗಿತ್ತು.

ಈ ಅವಧಿ ಹಿಗ್ಗಿದ್ದು ಎಣ್ಣೆ ಮತ್ತು ಎಂಜಿನ್ನುಗಳೆರಡೂ ಸುಧಾರಿಸಿದ್ದರಿಂದ. ಅಮೆರಿಕದ ಎಂಜಿನಿಯರುಗಳ ಸಂಘಟನೆಯಾದ ಎಸ್‌ಎಇ 1911ರಲ್ಲಿ ಎಣ್ಣೆಯನ್ನು ಅದರ ಮಂದತೆಗೆ ಅನುಗುಣವಾಗಿ ವರ್ಗೀಕರಿಸಿತು. 1920ರ ದಶಕದಲ್ಲಿ ಫಿಲ್ಟರ್ ಬಂತು. ಎರಡನೆಯ ಮಹಾಯುದ್ಧದ ತರುವಾಯ ಮಸಿಯನ್ನು ತಳಕ್ಕೆ ಕೂರಗೊಡದೆ ತೇಲಿಸಿಡುವ ರಾಸಾಯನಿಕಗಳು ಎಣ್ಣೆಯಲ್ಲಿ ಬಳಕೆಗೆ ಬಂದವು. ಭಾರತದಲ್ಲಿ ಅಂಬಾಸಿಡರ್‌ನಂಥ ಕಾರುಗಳ ಕಾಲದಲ್ಲಿ ಆಯಿಲ್ ಚೇಂಜ್‌ನ ಜೊತೆಗೆ ಮುಂದಿನ ಗಾಲಿಗಳ ಕೀಲುಗಳಿಗೆ ಗನ್ನಿನಿಂದ ಗ್ರೀಸ್ ಹೊಡೆಸುವುದೂ ಸರ್ವಿಸ್‌ನ ಭಾಗವಾಗಿತ್ತು. ಆ ಬಳಿಕ ಬಂದ ಕಾರುಗಳ ಪುಸ್ತಕದಲ್ಲಿ ಫ್ರೀ ಸರ್ವಿಸ್ ಕೂಪನ್ನುಗಳೂ, ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು, ಎಂಬ ಸೂತ್ರವೂ ಮಾಲೀಕರಿಗೆ ಪರಿಚಿತವಾದವು. ಓಡದೆ ನಿಂತ ಕಾರಿನಲ್ಲೂ ತೇವಾಂಶ ಮತ್ತು ಗಾಳಿಯ ಸಂಪರ್ಕದಿಂದ ಎಣ್ಣೆ ಹಳಸುವುದರಿಂದಲೇ ಈ ಸೂತ್ರದಲ್ಲಿ ದೂರದೊಂದಿಗೆ ಕಾಲವೂ ಸೇರಿದೆ.

ಆದರೆ ಹೆದ್ದಾರಿಯಲ್ಲಿ ಒಂದೇ ಸಮ ಓಡಿದ ಸಾವಿರ ಕಿಲೋಮೀಟರಿಗೂ, ಮನೆಯಿಂದ ಮಾರುಕಟ್ಟೆಗೆ ದಿನವೂ ಎರಡೆರಡು ಕಿಲೋಮೀಟರ್ ಓಡಿ ಕೂಡಿದ ಸಾವಿರಕ್ಕೂ ಇರುವ ವ್ಯತ್ಯಾಸವನ್ನು ಮುದ್ರಿತ ಕೋಷ್ಟಕ ಅರಿಯದು. ಸಣ್ಣ ಓಟದಲ್ಲಿ ಎಂಜಿನ್ ಪೂರ್ತಿ ಕಾಯದ ಕಾರಣ ಉರಿಯದ ಪೆಟ್ರೋಲೂ ನೀರಿನ ಅಂಶವೂ ಆವಿಯಾಗದೆ ಎಣ್ಣೆಯಲ್ಲೇ ಉಳಿಯುತ್ತವೆ. ಅತಿಯಾಗಿ ಕಾದರೆ ಎಣ್ಣೆ ಆಮ್ಲಜನಕದೊಂದಿಗೆ ಬೆರೆತು ಗಟ್ಟಿಯಾಗುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದವುಗಳಲ್ಲಿ ಜರ್ಮನಿಯ ಬಿಎಂಡಬ್ಲ್ಯು 1980ರ ದಶಕದ ಆರಂಭದಲ್ಲಿ ಅಳವಡಿಸಿದ ಸೂಚಕ ಮುಖ್ಯವಾದುದು: ಐದು ಹಸಿರು ದೀಪಗಳು ಬಳಕೆಯ ಕಾಠಿಣ್ಯಕ್ಕೆ ತಕ್ಕಂತೆ ಒಂದೊಂದಾಗಿ ಆರುತ್ತಿದ್ದವು, ಆಮೇಲೆ ಹಳದಿ, ವಾಯಿದೆ ಮೀರಿದರೆ ಕೆಂಪು. ಅದೇ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ರಸಾಯನ ವಿಜ್ಞಾನಿ ಶರ್ಲಿ ಶ್ವಾರ್ಟ್ಸ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ವಿಧಾನವು ಎಂಜಿನ್ನಿನ ಸುತ್ತುಗಳನ್ನು ಎಣಿಸಿ, ಎಣ್ಣೆ ತೀರ ತಣ್ಣಗಿದ್ದಾಗ ಅಥವಾ ತೀರ ಕಾದಾಗ ಸುತ್ತಿದ ಸುತ್ತಿಗೆ ಹೆಚ್ಚಿನ ತೂಕ ಕೊಟ್ಟು, ಉಳಿದ ಆಯುಷ್ಯವನ್ನು ಅಂದಾಜಿಸುತ್ತಿತ್ತು.

ಸರ್ವಿಸ್ ದೀಪವನ್ನು ಬೇರೆ ದೀಪಗಳೊಂದಿಗೆ ಬೆರೆಸಬಾರದು. ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪವು ಎಣ್ಣೆಯ ಒತ್ತಡ ಕುಸಿದಿದೆ, ಎಂಜಿನ್ ಕೂಡಲೇ ನಿಲ್ಲಿಸಬೇಕು ಎನ್ನುತ್ತದೆ. ಚೆಕ್ ಎಂಜಿನ್ ದೀಪವು, ಹೊಗೆ ನಿಯಂತ್ರಣದ ನಿಯಮಗಳಿಂದಾಗಿ ಅಮೆರಿಕದಲ್ಲಿ 1996ರ ಮಾದರಿಗಳಿಗೆ ಕಡ್ಡಾಯವಾದ ಓಬಿಡಿ-2 ಎಂಬ ಸ್ವಯಂ ತಪಾಸಣಾ ವ್ಯವಸ್ಥೆಗೆ ಸೇರಿದ್ದು. ಇವೆರಡೂ ಅಳೆದು ಕಂಡದ್ದನ್ನು ಹೇಳುತ್ತವೆ. ಸರ್ವಿಸ್ ದೀಪ ಹೆಚ್ಚಿನ ಕಾರುಗಳಲ್ಲಿ ಎಣಿಸಿದ್ದನ್ನು ಮಾತ್ರ ಹೇಳುತ್ತದೆ.

2000ರ ದಶಕದ ನಡುವಿನಿಂದ ಕೆಲವು ಎಂಜಿನ್‌ಗಳಲ್ಲಿ ಡಿಪ್‌ಸ್ಟಿಕ್ಕನ್ನೇ ಕೈಬಿಟ್ಟು ಮಟ್ಟವನ್ನು ಪರದೆಯ ಮೇಲೆ ತೋರಿಸುವ ಪದ್ಧತಿ ಬಂದು, ಮಾಡೆಲ್ ಟಿಯಂತೆ ಇವುಗಳಲ್ಲೂ ಕಡ್ಡಿ ಇಲ್ಲದಂತಾಯಿತು. ಆದರೆ ಅಂದಿನ ಚಾಲಕ ನಲ್ಲಿ ತಿರುಗಿಸಿ ಎಣ್ಣೆಯನ್ನು ಕಣ್ಣಾರೆ ಕಾಣುತ್ತಿದ್ದ. ಇಂದಿಗೂ ಎಣ್ಣೆ ಬದಲಿಸಿದ ಮೇಲೆ ಲೆಕ್ಕವನ್ನು ಮೊದಲಿಗೆ ತರುವ, ಅಂದರೆ ರೀಸೆಟ್ ಮಾಡುವ ಕೆಲಸ ಬಹುತೇಕ ಕಾರುಗಳಲ್ಲಿ ಮನುಷ್ಯನದೇ ಆಗಿದ್ದು, ಹಳೆಯ ಎಣ್ಣೆಯನ್ನು ಹಾಗೆಯೇ ಬಿಟ್ಟು ರೀಸೆಟ್ ಮಾತ್ರ ಮಾಡಿದರೂ ಬರಿಯ ಲೆಕ್ಕವಿಡುವ ಯಂತ್ರ ಅದನ್ನು ಹೊಸ ಎಣ್ಣೆಯೆಂದೇ ನಂಬಿ ಮತ್ತೆ ಒಂದರಿಂದ ಎಣಿಸತೊಡಗುತ್ತದೆ.