ಆಂಗ್ಲ ವಾಕ್ಯದಲ್ಲಿ ಕರ್ಮಪದದ ಶೋಧ

ಕನ್ನಡ ಸೀಮೆಯ ಇಂಗ್ಲಿಷು ಶಾಲೆಗಳಲ್ಲಿ ತಲೆಮಾರುಗಳಿಂದ ಕೇಳಿಬರುವ ಪ್ರಶ್ನೆಯೊಂದುಂಟು: "ಈ ವಾಕ್ಯದಲ್ಲಿ ಆಬ್ಜೆಕ್ಟು ಯಾವದು?" ಅದಕ್ಕೆ ಉಪಾಯವೂ ಸಿದ್ಧವಾಗಿದೆ. ಕ್ರಿಯಾಪದಕ್ಕೆ 'ಏನು? ಯಾರನ್ನು?' ಎಂದು ಪ್ರಶ್ನೆ ಹಾಕಬೇಕು. ಬಂದ ಉತ್ತರವೇ ಕರ್ಮ. ಉಪಾಯವು ಸುಲಭವಾದದ್ದು ನಿಜ. ಆದರೆ ಸರ್ವತ್ರ ನಂಬತಕ್ಕದ್ದಲ್ಲ. ಅದು ಎಲ್ಲಿ ಕೈಕೊಡುವದೆಂದು ವಿಚಾರಿಸಿದರೆ ಎರಡು ವ್ಯಾಕರಣ ಪರಂಪರೆಗಳ ಇತಿಹಾಸವೇ ಎದುರಿಗೆ ನಿಲ್ಲುವದು.

ಭಾರತೀಯ ವೈಯಾಕರಣರು ಕಾರಕವನ್ನೂ ವಿಭಕ್ತಿಯನ್ನೂ ಬೇರೆ ಬೇರೆಯಾಗಿ ಕಂಡರು. ಕ್ರಿಯೆಯಿಂದ ಕರ್ತೃವು ಅತ್ಯಂತವಾಗಿ ಪಡೆಯಬಯಸುವದೇ ಕರ್ಮವೆಂಬುದು ಪಾಣಿನಿಯ ಅಭಿಪ್ರಾಯ. 'ರಾಮನು ರಾವಣನನ್ನು ಕೊಂದನು' ಎಂದರೂ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದರೂ ರಾವಣನು ಕರ್ಮವೇ ಸರಿ. ಬದಲಾದದ್ದು ವಿಭಕ್ತಿ ಮಾತ್ರ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೂ 1604ರ ಭಟ್ಟಾಕಳಂಕನ ಶಬ್ದಾನುಶಾಸನವೂ ಸಂಸ್ಕೃತ ವ್ಯಾಕರಣದ ಚೌಕಟ್ಟಿನಲ್ಲಿಯೇ ಕನ್ನಡವನ್ನು ವಿವರಿಸಿದವು. ಹಳಗನ್ನಡದ 'ಅಂ' ಹೊಸಗನ್ನಡದಲ್ಲಿ 'ಅನ್ನು' ಆಗಿ ಕರ್ಮಕ್ಕೆ ಗುರುತಾಯಿತು. 'ಹುಲಿ ಮನುಷ್ಯನನ್ನು ಕೊಂದಿತು' ಎಂಬಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ಸತ್ತವನು ಮನುಷ್ಯನೇ.

ಇಂಗ್ಲಿಷಿನ ಗತಿ ಬೇರೆ. ಸಾವಿರ ವರ್ಷಗಳ ಹಿಂದೆ ಆ ಭಾಷೆಯ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಕ್ರಮೇಣ ಸವೆದುಹೋಗಿ, 'ಹಿ–ಹಿಮ್', 'ದೇ–ದೆಮ್' ಮುಂತಾದ ಸರ್ವನಾಮಗಳಲ್ಲಿ ಮಾತ್ರ ರೂಪಭೇದವು ಉಳಿಯಿತು. ಪ್ರತ್ಯಯವು ಮಾಡುತ್ತಿದ್ದ ಕೆಲಸವನ್ನು ಸ್ಥಾನವು ವಹಿಸಿಕೊಂಡಿತು. 'ದಿ ಟೈಗರ್ ಕಿಲ್ಡ್ ದಿ ಮ್ಯಾನ್' ಎಂಬಲ್ಲಿ ಎರಡು ನಾಮಪದಗಳು ಸ್ಥಳ ಬದಲಿಸಿದರೆ ಕೊಂದವನೇ ಸತ್ತವನಾಗುವನು.

ಈ ಎರಡು ಪರಂಪರೆಗಳು ಧಾರವಾಡದಲ್ಲಿ ಎದುರುಬದುರಾದುದು 19ನೆಯ ಶತಮಾನದಲ್ಲಿ. 1818ರಲ್ಲಿ ಪೇಶವೆಯರ ಆಳಿಕೆಯು ಮುಗಿದ ತರುವಾಯ ಈ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಸೇರಿತು; 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ ನೆಲೆಯೂರಿದರು. 1853ರಲ್ಲಿ ಭರತಖಂಡಕ್ಕೆ ಬಂದ ಕಿಟ್ಟೆಲರು 1872ರಲ್ಲಿ ಶಬ್ದಮಣಿದರ್ಪಣವನ್ನು ಅಚ್ಚು ಹಾಕಿಸಿ, 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. ಪರದೇಶದವರು ಕೇಶಿರಾಜನ ಮೂಲಕ ಕನ್ನಡವನ್ನು ಅರಿತರು. ಇಲ್ಲಿಯ ಹುಡುಗರಾದರೋ ತಮ್ಮ ವ್ಯಾಕರಣವನ್ನು ಬದಿಗಿಟ್ಟು ಇಂಗ್ಲಿಷನ್ನು ಕಲಿಯತೊಡಗಿದರು. 1935ರ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವು ಮುಂದೆ ಮನೆಮನೆಯ ಪುಸ್ತಕವಾಯಿತು.

ಇನ್ನು ತೊಡಕಿನ ಸ್ಥಳಗಳನ್ನು ನೋಡಬಹುದು. 'ಹಿ ಬಿಕೇಮ್ ಎ ಟೀಚರ್' ಎಂಬಲ್ಲಿ 'ಏನು?' ಎಂದು ಕೇಳಿದರೆ 'ಟೀಚರ್' ಎಂದು ಉತ್ತರ ಬರುವದು. ಆದರೆ ಅದು ಕರ್ಮವಲ್ಲ. ಅವನೂ ಶಿಕ್ಷಕನೂ ಒಬ್ಬನೇ. 'ಅವನು ಶಿಕ್ಷಕನಾದನು' ಎಂದು ಕನ್ನಡಿಸಿದೊಡನೆ 'ಅನ್ನು' ಪ್ರತ್ಯಯಕ್ಕೆ ಎಡೆಯಿಲ್ಲವೆಂಬುದು ತಿಳಿಯುವದು. ಹಾಗೆಂದು ಕನ್ನಡವನ್ನೇ ಒರೆಗಲ್ಲಾಗಿ ನಂಬುವದೂ ಅಪಾಯ. 'ಐ ನೋ ಇಂಗ್ಲಿಷ್' ಎಂಬಲ್ಲಿ ಇಂಗ್ಲಿಷು ಕರ್ಮ; 'ನನಗೆ ಇಂಗ್ಲಿಷು ಬರುತ್ತದೆ' ಎಂಬಲ್ಲಿ ಅದೇ ಕರ್ತೃ. ಸಂಸ್ಕೃತದ 'ಗ್ರಾಮಂ ಗಚ್ಛತಿ' ಎಂಬಲ್ಲಿ ಗ್ರಾಮವು ಕರ್ಮವಾದರೂ, ಇಂಗ್ಲಿಷಿನಲ್ಲಿ 'ಗೋ' ಧಾತುವಿನ ಮುಂದೆ 'ಟು' ಬಂದು ಆ ಪದವಿಯನ್ನು ಕಿತ್ತುಕೊಳ್ಳುವದು. 'ರೀಚ್' ಎಂದರೆ ಮರಳಿ ಕೊಡುವದು. ಕರ್ಮಣಿಪ್ರಯೋಗದಲ್ಲಂತೂ ಇಂಗ್ಲಿಷಿನ ಆಬ್ಜೆಕ್ಟು ಸಬ್ಜೆಕ್ಟೇ ಆಗಿಬಿಡುವದು. ಆದುದರಿಂದ ಕರ್ಮ, ದ್ವಿತೀಯಾ, ಆಬ್ಜೆಕ್ಟು ಈ ಮೂರೂ ಒಂದೇ ಎಂದು ಬಗೆಯಲಾಗದು.

ಆದರೂ ಹಳೆಯ ವಿದ್ಯೆಯು ನಿರುಪಯೋಗಿಯಲ್ಲ. 'ಹಿ ಗೇವ್ ದಿ ಬಾಯ್ ಎ ಬುಕ್' ಎಂಬಲ್ಲಿ ಕ್ರಿಯಾಪದದ ಮಗ್ಗುಲಲ್ಲಿಯೇ ಹುಡುಗನು ನಿಂತಿರುವನು. ಸ್ಥಾನವನ್ನಷ್ಟೇ ನೋಡುವವನು ಅವನನ್ನೇ ನೇರ ಕರ್ಮವೆಂದು ಹಿಡಿಯುವನು. ಕಾರಕವನ್ನು ಬಲ್ಲವನು ಕೊಡಲ್ಪಟ್ಟದ್ದು ಪುಸ್ತಕ, ಹುಡುಗನು ಸಂಪ್ರದಾನ ಎಂದು ಕ್ಷಣದಲ್ಲಿ ಬೇರ್ಪಡಿಸುವನು. ಧಾರವಾಡದಲ್ಲಿ ಕನ್ನಡ ಶಿಕ್ಷಣಕ್ಕಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ನಾಟಕವೊಂದನ್ನು 1871ರಲ್ಲಿ ಕನ್ನಡಕ್ಕೆ ತಂದು ಅದಕ್ಕೆ 'ನಗದವರನ್ನು ನಗಿಸುವ ಕಥೆ' ಎಂದು ಹೆಸರಿಟ್ಟರು. 'ನಗು' ಅಕರ್ಮಕ, 'ನಗಿಸು' ಎಂದೊಡನೆ ನಗತಕ್ಕವರೇ ಕರ್ಮವಾಗುವರು. ಅಕರ್ಮಕ ಧಾತುವಿನ ಕರ್ತೃವು ಪ್ರೇರಣಾರ್ಥದಲ್ಲಿ ಕರ್ಮವಾಗುವದೆಂಬ ಪಾಣಿನಿಯ ವಿಧಿಗೆ ಆ ಹೆಸರೇ ಅಚ್ಚ ಕನ್ನಡದ ಉದಾಹರಣೆ.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದು ಕನ್ನಡವು ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಹಂಬಲದಿಂದ. ಇಂಗ್ಲಿಷು ಕಲಿಯುವ ಬಾಲಕನು ತನ್ನ ಮನೆಯ ವ್ಯಾಕರಣವನ್ನು ಮರೆತರೆ ಎರಡು ನಷ್ಟಗಳುಂಟು: ಪರಭಾಷೆಯು ಬಾಯಿಪಾಠವಾಗಿಯೇ ಉಳಿಯುವದು, ಸ್ವಭಾಷೆಯು ಅದರ ನೆರಳಾಗಿ ಕಾಣುವದು. ಗುರುವಾದವನು ಪ್ರಶ್ನೆ ಹಾಕುವ ಉಪಾಯವನ್ನು ಕಲಿಸಲಿ. ಆದರೆ ಅದಕ್ಕೆ ಮೊದಲು, ಈ ಕ್ರಿಯೆಯು ಯಾರಿಂದ ಹೊರಟು ಯಾವದನ್ನು ಮುಟ್ಟಿತು ಎಂದು ವಿಚಾರಿಸುವ ಅಭ್ಯಾಸವನ್ನು ಹಚ್ಚಲಿ. ಅರ್ಥವನ್ನು ಹಿಡಿದವನಿಗೆ ಸ್ಥಾನವೂ ಪ್ರತ್ಯಯವೂ ತಾವಾಗಿಯೇ ವಶವಾಗುವವು.