ಬಂಡೆಯ ಮಚ್ಚೆಗೆ ಹೆಸರು ಹುಡುಕಿದವರು

ಗಂಗಾವತಿ ಕಡೆಯ ಗುಡ್ಡಗಳಲ್ಲಿ ಮುಂಗಾರಿನ ಒಂದು ಒಳ್ಳೆಯ ಮಳೆ ಬಿದ್ದ ಮರುದಿನ ಬಂಡೆ ನೋಡಬೇಕು. ಬೇಸಿಗೆಯುದ್ದಕ್ಕೂ ಒಣ ಸುಣ್ಣದಂತೆ ಅಂಟಿಕೊಂಡಿದ್ದ ಬೂದು ಮಚ್ಚೆಗಳು ನೀರು ಕುಡಿದು ಹಸಿರಿಗೆ ತಿರುಗಿರುತ್ತವೆ. ಪಕ್ಕದಲ್ಲೇ ಅರಿಸಿನ ಚೆಲ್ಲಿದಂಥ ಹಳದಿ, ಡಾಂಬರು ಸಿಡಿದಂಥ ಕಪ್ಪು. ಹಿರೇಬೆಣಕಲ್ಲಿನ ಮೋರೇರ ಮನೆಗಳೆಂಬ ಪ್ರಾಚೀನ ಚಪ್ಪಡಿಕಲ್ಲಿನ ಗೋರಿಗಳನ್ನು ನೋಡಲು ಬಂದವರು ಆ ಚಪ್ಪಡಿಗಳ ವಯಸ್ಸು ಕೇಳುತ್ತಾರೆ. ಕಲ್ಲಿನ ಮೇಲಿನ ಬಣ್ಣವನ್ನು ಮಾತ್ರ ಕಲ್ಲಿಗೆ ಬಂದ ಮುಪ್ಪೆಂದುಕೊಂಡು ಮುಂದೆ ಹೋಗುತ್ತಾರೆ. ಆ ಬಣ್ಣಕ್ಕೆ ಜೀವವಿದೆ. ಇಂಗ್ಲಿಷಿನವರು ಲೈಕೆನ್ ಎನ್ನುವ ಅದು ನಮ್ಮ ಮಾತಿನಲ್ಲಿ ಕಲ್ಲುಹೂವು. ಮಸಾಲಿ ಖಾರಕ್ಕೆ ಹುರಿದು ಹಾಕುವ ದಗಡಫೂಲೂ ಇದೇ ಬಳಗದ್ದು. ಅದು ಹೆಚ್ಚಾಗಿ ಮರದ ತೊಗಟೆಯ ಮೇಲೆ ಬೆಳೆಯುವ ಎಲೆಯಾಕಾರದ ಬಗೆ. ಸಂತೆಯಲ್ಲಿ ಒಂದೇ ಹೆಸರಿನಲ್ಲಿ ಮಾರುವ ಆ ಚೀಲದಲ್ಲಿ ಹಲವು ಪ್ರಭೇದಗಳು ಬೆರೆತಿರುತ್ತವೆ.

ಈ ವಿಜ್ಞಾನದ ಚರಿತ್ರೆಯೂ ಆ ಚೀಲದ ಹಾಗೆಯೇ. ಒಂದು ಎಂದುಕೊಂಡಿದ್ದನ್ನು ಬಿಚ್ಚಿದಾಗಲೆಲ್ಲ ಒಳಗೆ ಹಲವು ಸಿಕ್ಕಿವೆ.

ಒಂದು ಕುಲದಿಂದ ಹಲವು ಕುಲಕ್ಕೆ

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೆಲ್ಲ ಎರಡು ಪದದ ಹೆಸರಿಟ್ಟಾಗ, ತನಗೆ ಗೊತ್ತಿದ್ದ ಸುಮಾರು 80 ಕಲ್ಲುಹೂವುಗಳನ್ನು ‘ಲೈಕೆನ್’ ಎಂಬ ಒಂದೇ ಕುಲಕ್ಕೆ ತುಂಬಿ ಕೈತೊಳೆದುಕೊಂಡ. ಅವನ ಕಣ್ಣಿಗೆ ಅವು ಸಸ್ಯಲೋಕದ ಕಡುಬಡವರು. ಆ ಗಂಟು ಬಿಚ್ಚಿದವನು ಅವನದೇ ಶಿಷ್ಯ, ವೈದ್ಯ ಎರಿಕ್ ಅಕಾರಿಯಸ್. 1803 ಮತ್ತು 1810ರ ಗ್ರಂಥಗಳಲ್ಲಿ ಅವನು ಮೈಯ ಆಕಾರ, ಬೀಜಾಣು ಹೊರುವ ಬಟ್ಟಲುಗಳ ರಚನೆ ನೋಡಿ ಕುಲಗಳನ್ನು ಬೇರ್ಪಡಿಸಿದ. ಕಲ್ಲಿಗೆ ಕಚ್ಚಿಕೊಂಡ ಹುರುಕಿನಂಥವು, ಅಂಚು ಎದ್ದ ಎಲೆಯಂಥವು, ಕೊಂಬೆಯಿಂದ ಇಳಿಬಿದ್ದ ಗಡ್ಡದಂಥವು ಎಂದು ಗುರುತಿಸುವ ವಾಡಿಕೆ ಇಂದಿಗೂ ಹೊರಗಿನ ಕೆಲಸಕ್ಕೆ ಸಾಕಾಗುತ್ತದೆ.

1866ರಲ್ಲಿ ಫಿನ್ಲೆಂಡಿನ ವಿಲಿಯಂ ನೈಲಾಂಡರ್ ರಸಾಯನವನ್ನು ತಂದ. ಮೈ ಕೊಂಚ ಕೆರೆದು, ಗಾಜಿನ ಕಡ್ಡಿಯಿಂದ ಒಂದು ಹನಿ ಕ್ಷಾರ ಅಥವಾ ಬಟ್ಟೆ ಬಿಳುಪು ಮಾಡುವ ದ್ರವ ಬಿಟ್ಟರೆ ಬಣ್ಣ ಬದಲಾಗುತ್ತದೆ. ಕಿತ್ತಳೆ ಬಣ್ಣದ ಹಲವು ಬಗೆಗಳು ಕ್ಷಾರ ತಾಗಿದ ಕ್ಷಣದಲ್ಲೇ ನೇರಳೆಗೆಂಪಾಗುವುದನ್ನು ನೋಡಿದವರು ಮರೆಯಲಾರರು. ಕಣ್ಣಿಗೆ ಅವಳಿಗಳಂತೆ ಕಂಡ ಎರಡು ಮಚ್ಚೆಗಳಲ್ಲಿ ಒಂದು ಕೆಂಪಾಗಿ ಇನ್ನೊಂದು ಸುಮ್ಮನಿದ್ದರೆ, ಬೇರೆ ಪ್ರಭೇದವಿರಬಹುದೆಂಬ ಗುಮಾನಿ ಹುಟ್ಟುತ್ತದೆ. ಮುಂದೆ ಜಪಾನಿನ ಅಸಾಹಿನ ಸೂಕ್ಷ್ಮದರ್ಶಕದಡಿ ಲೈಕೆನ್ ಆಮ್ಲಗಳ ಹರಳು ಕಟ್ಟಿಸಿದರು, ನಮ್ಮಲ್ಲಿ ಟಿ.ಆರ್. ಶೇಷಾದ್ರಿ ಭಾರತೀಯ ಕಲ್ಲುಹೂವುಗಳ ರಸಾಯನವನ್ನು ಬಿಡಿಸಿದರು.

ಎರಡು ಜೀವ, ಒಂದು ಮೈ

ನೈಲಾಂಡರ್ ಹನಿ ಹಾಕಿದ ಮರುವರ್ಷವೇ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಸಿಡಿಲಿನಂಥ ಮಾತು ಆಡಿದ. ಕಲ್ಲುಹೂವು ಒಂದು ಗಿಡವೇ ಅಲ್ಲ. ಶಿಲೀಂಧ್ರದ ಎಳೆಗಳ ನಡುವೆ ಪಾಚಿ ಸೆರೆಸಿಕ್ಕ ಜಂಟಿ ಸಂಸಾರ ಎಂದ. ಬಿಸಿಲಿನಲ್ಲಿ ಅನ್ನ ಬೇಯಿಸುವುದು ಪಾಚಿ, ಮನೆ ಕಟ್ಟಿ ನೆರಳು ಕೊಡುವುದು ಶಿಲೀಂಧ್ರ. ನೈಲಾಂಡರ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಆದರೆ 1870ರ ದಶಕ ಮುಗಿಯುವುದರೊಳಗೆ ‘ಸಹಜೀವನ’ ಎಂಬ ಪರಿಕಲ್ಪನೆಯೇ ಈ ಜಗಳದಿಂದ ಹುಟ್ಟಿ ಜೀವವಿಜ್ಞಾನಕ್ಕೆ ಸೇರಿಹೋಯಿತು.

ವರ್ಗೀಕರಣದ ಮೇಲೆ ಇದರ ಪರಿಣಾಮ ದೊಡ್ಡದು. ಇಂದು ನಿಯಮದ ಪ್ರಕಾರ ಕಲ್ಲುಹೂವಿಗೆ ಇಟ್ಟ ಹೆಸರು ಅದರ ಶಿಲೀಂಧ್ರಕ್ಕೆ ಮಾತ್ರ ಸಲ್ಲುತ್ತದೆ. ಪಾಚಿಯ ಹೆಸರು ಬೇರೆ. 2017ರ ಜಾಗತಿಕ ಪಟ್ಟಿಯಲ್ಲಿ ಕಲ್ಲುಹೂವು ಕಟ್ಟುವ ಶಿಲೀಂಧ್ರಗಳ ಹೆಸರುಗಳು 19,387.

ಭಾರತದ ಪಟ್ಟಿ

ನಮ್ಮ ನೆಲದ ಕಲ್ಲುಹೂವುಗಳು ಮೊದಲು ಹಡಗು ಹತ್ತಿ ಯುರೋಪಿಗೆ ಹೋಗಿಯೇ ಹೆಸರು ಪಡೆದವು. ನೀಲಗಿರಿಯಲ್ಲಿ ಪೆರೊಟೆ ಆಯ್ದದ್ದನ್ನು ಫ್ರಾನ್ಸಿನ ಮೊಂತಾಞ್ ವಿವರಿಸಿದ್ದು 1842ರಲ್ಲಿ. ಈ ಪರಾವಲಂಬನೆ ತಪ್ಪಿಸಿದವರು ಲಖನೌದ ಧರಣೀಧರ ಅವಸ್ಥಿ. 1965ರಲ್ಲಿ ಅವರು ಭಾರತ ಮತ್ತು ನೆರೆದೇಶಗಳ ಕಲ್ಲುಹೂವುಗಳ ಪಟ್ಟಿ ತಂದರು. 1988 ಮತ್ತು 1991ರಲ್ಲಿ ಗುರುತಿಸುವ ಕೀಲಿಕೈಗಳನ್ನು ಕೊಟ್ಟರು. ಅವರ ಸಂಗ್ರಹ ಇಂದು ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿದೆ, ಅಲ್ಲಿ ಡಿ.ಕೆ. ಉಪ್ರೇತಿ ಆ ಕೆಲಸ ಮುಂದುವರಿಸಿದರು.

ಪುಣೆಯಲ್ಲಿ ಪಿ.ಜಿ. ಪಟವರ್ಧನ್ ಮತ್ತು ಊರ್ಮಿಳಾ ಮಖೀಜಾ ಕರ್ನಾಟಕವೂ ಸೇರಿದಂತೆ ಪಶ್ಚಿಮಘಟ್ಟದ ತೊಗಟೆಗಳಿಂದ ಹಲವಾರು ಹೊಸ ಪ್ರಭೇದಗಳನ್ನು ವಿವರಿಸಿದರು. ತೊಗಟೆಯ ಮೇಲೆ ಯಾರೋ ಕರಿ ಶಾಯಿಯಲ್ಲಿ ಗೀಚಿದಂತೆ ಕಾಣುವ ಲಿಪಿ ಲೈಕೆನ್ನುಗಳು ಅವರ ವಿಶೇಷ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು ಮಲೆನಾಡಿನ ಕಾಡುಗಳಲ್ಲಿ ಹುಡುಕಿ ರಾಜ್ಯದ ಪಟ್ಟಿ ಬೆಳೆಸಿದರು. ಬೆಂಗಳೂರಿನ ಲಾಲ್‌ಬಾಗಿನ ಲೈಕೆನ್ನುಗಳಲ್ಲಿ ಸೇರಿಕೊಂಡ ಭಾರಲೋಹಗಳನ್ನು ಅಳೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು.

ಹೂವಿನ ಮೇಲಿನ ಅತಿಥಿ

ಇಷ್ಟರಲ್ಲಿ ಇನ್ನೊಂದು ಗಂಟು ಬಿಚ್ಚಿಕೊಂಡಿತ್ತು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಬೂದು ಎಲೆಯೊಂದನ್ನು ನೋಡಿದರೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳು ಕಾಣುತ್ತವೆ. ಅವು ಕಲ್ಲುಹೂವಿನದೇ ಬಟ್ಟಲುಗಳಿರಬಹುದು, ಅದರ ಮೇಲೆ ಬಾಳುವ ಬೇರೊಂದು ಶಿಲೀಂಧ್ರವೂ ಆಗಿರಬಹುದು. ಬ್ಲೇಡಿನಿಂದ ಕೂದಲೆಳೆಯಷ್ಟು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಬೀಜಾಣುಗಳ ಬಣ್ಣ, ಅಳತೆ, ಒಳಗೋಡೆಗಳನ್ನು ಎಣಿಸಿದ ಮೇಲೆಯೇ ತೀರ್ಮಾನ. ಹಿಂದಿನವರು ಇವನ್ನು ಎಷ್ಟೋ ಸಲ ಕಲ್ಲುಹೂವಿನ ಅಂಗವೆಂದೇ ಬರೆದುಬಿಟ್ಟಿದ್ದರು. ಫ್ರಾನ್ಸಿನ ವೂವೊ 1912ರಿಂದ 1914ರವರೆಗೆ ಈ ಅತಿಥಿಗಳ ಸಮಗ್ರ ಪಟ್ಟಿ ಮಾಡಿದ. 1980ರ ಆಸುಪಾಸಿನಲ್ಲಿ ಬ್ರಿಟನ್ನಿನ ಡೇವಿಡ್ ಹಾಕ್ಸ್‌ವರ್ತ್ ಈ ಅಧ್ಯಯನಕ್ಕೆ ಮತ್ತೆ ಜೀವ ಕೊಟ್ಟರು. ಕಲ್ಲುಹೂವನ್ನು ಬಿಟ್ಟು ಬೇರೆಲ್ಲೂ ಬಾಳದ ಇಂಥ ಶಿಲೀಂಧ್ರಗಳು 2018ರ ಪಟ್ಟಿಯ ಪ್ರಕಾರ 2,000. ಭಾರತದಲ್ಲಿ ಯೋಗೇಶ್ ಜೋಶಿ ಮತ್ತು ಸಂಗಡಿಗರು ಇವುಗಳ ಲೆಕ್ಕ ಹಿಡಿಯುತ್ತಿದ್ದಾರೆ. ಹಲವು ಅತಿಥಿಗಳು ಒಂದೇ ಕುಲದ ಮನೆ ಬಿಟ್ಟು ಕದಲುವುದಿಲ್ಲ. ಆದ್ದರಿಂದ ಅತಿಥಿಯ ಹೆಸರು ಹೇಳಬೇಕಾದರೆ ಮೊದಲು ಆತಿಥೇಯನ ಗುರುತು ಹಿಡಿಯಬೇಕು.

ಡಿಎನ್ಎ ಬಂದ ಮೇಲೆ

2014ರ ಒಂದು ಅಧ್ಯಯನ ಈ ಶಾಸ್ತ್ರವನ್ನು ಬೆಚ್ಚಿಬೀಳಿಸಿತು. ಅಮೆರಿಕ ಖಂಡದ ಉಷ್ಣವಲಯದಲ್ಲಿ ಒಂದೇ ಪ್ರಭೇದವೆಂದು ನಂಬಿದ್ದ ಕಲ್ಲುಹೂವಿನ ಡಿಎನ್ಎ ಓದಿದಾಗ ಕನಿಷ್ಠ 126 ಪ್ರಭೇದಗಳು ಹೊರಬಂದವು. 2016ರಲ್ಲಿ ಟೋಬಿ ಸ್ಪ್ರಿಬಿಲ್ ತಂಡ ಕಲ್ಲುಹೂವಿನ ಹೊರಚರ್ಮದಲ್ಲಿ ಯೀಸ್ಟ್ ರೂಪದ ಮತ್ತೊಂದು ಶಿಲೀಂಧ್ರವನ್ನು ಕಂಡಿತು. ಅದು ಸಂಸಾರದ ಮೂರನೆಯ ಪಾಲುದಾರನೋ ಬರೀ ಅತಿಥಿಯೋ ಎಂಬ ವಾದ ಇನ್ನೂ ನಿಂತಿಲ್ಲ. ಹಾಗೆಂದು ಹಳೆಯ ಶಿಸ್ತು ಸಡಿಲಾಗಿಲ್ಲ. ಹೊಸ ಪ್ರಭೇದ ಎನ್ನಬೇಕಾದರೆ ಮೂಲಮಾದರಿಯನ್ನು ಹರ್ಬೇರಿಯಮ್ಮಿನಲ್ಲಿ, ಅಂದರೆ ಒಣ ಮಾದರಿಗಳ ಸಂಗ್ರಹದಲ್ಲಿ, ಇಡಲೇಬೇಕು. 2013ರಿಂದ ಹೆಸರನ್ನು ಅಂತರರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿಸಲೂಬೇಕು.

ನಮ್ಮ ಬಂಡೆ

ಈ ಇಡೀ ಕಥೆಯಲ್ಲಿ ಒಂದು ವಾಲು ಎದ್ದು ಕಾಣುತ್ತದೆ. ಹುಡುಕುವವರು ಹಿಮಾಲಯಕ್ಕೆ, ಪಶ್ಚಿಮಘಟ್ಟಕ್ಕೆ ಹೋದಷ್ಟು ಬಯಲುಸೀಮೆಗೆ ಬರಲಿಲ್ಲ. ತೇವದ ಕಾಡಿನಲ್ಲಿ ಬಗೆಗಳು ಹೆಚ್ಚು, ನಿಜ. ಆದರೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಮೇಲೆ, ಕೈಯಿಡಲಾಗದ ಬಿಸಿಲಿನಲ್ಲಿ ಬಾಳುವವರ ಬಳಗವೇ ಬೇರೆ. ನೀಲಿಹಸಿರು ಬ್ಯಾಕ್ಟೀರಿಯಾವನ್ನು ಜೊತೆಗಿಟ್ಟುಕೊಂಡ ಪೆಲ್ಟುಲಾ ಕುಲದ ಕಪ್ಪುಬಗೆಗಳು ಇಂಥ ಒಣ ಬಂಡೆಯನ್ನೇ ಹುಡುಕಿ ನೆಲೆಸುತ್ತವೆ. ಬೇರಿಲ್ಲದ ಈ ಜೀವಿಗಳು ಮಳೆ ಗಾಳಿಯಲ್ಲಿ ಬಂದದ್ದನ್ನೇ ಉಣ್ಣುತ್ತವೆ. ಹಾಗಾಗಿ ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಹೊಗೆ, ದೂಳಿಗೆ ಅವು ಸಾಕ್ಷಿಯಾಗಬಲ್ಲವು. ಕುಷ್ಟಗಿ ಕಡೆಯ ಕಲ್ಲುಗಣಿಯಲ್ಲಿ ಬಂಡೆಯ ಮೇಲ್ಮೈ ಎದ್ದರೆ, ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯದ ಮಚ್ಚೆಗಳು ಒಂದೇ ದಿನದಲ್ಲಿ ಹೋಗುತ್ತವೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಪದವಿ ಕಾಲೇಜುಗಳ ಸಸ್ಯಶಾಸ್ತ್ರದ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ವಿದ್ಯಾರ್ಥಿಗಳಿಂದ ಇಲ್ಲಿನ ಕಲ್ಲುಹೂವುಗಳನ್ನು ಆಯಿಸಿ. ಗವಿಮಠದ ಅಶೋಕನ ಶಾಸನ, ಇಟಗಿಯ ಮಹಾದೇವ ದೇಗುಲ, ಹಿರೇಬೆಣಕಲ್ಲಿನ ಚಪ್ಪಡಿಗಳನ್ನು ಯಾರೂ ಕೆರೆಯಬಾರದು. ಅಲ್ಲಿ ಫೋಟೊ ಸಾಕು. ಹೊಲದ ಬದುವಿನ ಕಲ್ಲು, ರಸ್ತೆಬದಿಯ ಬೇವಿನ ತೊಗಟೆ ನಮ್ಮದೇ. ಒಂದು ಕೈಮಸೂರ, ಒಂದು ಉಳಿ, ಹಳೆಯ ಪತ್ರಿಕೆಯ ಪೊಟ್ಟಣ ಇದ್ದರೆ ಕೆಲಸ ಶುರುವಾಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ಪೊಟ್ಟಣದ ಮೇಲೆ ತಾರೀಖು, ಊರು, ಕಲ್ಲೋ ಮರವೋ ಎಂಬುದನ್ನು ಅಲ್ಲೇ ನಿಂತು ಬರೆಯಿಸಿ. ಎಲ್ಲಿ ಸಿಕ್ಕಿತೆಂದು ಬರೆಯದ ಕಲ್ಲುಹೂವು ಮಸಾಲೆಗೆ ಆದೀತು, ವಿಜ್ಞಾನಕ್ಕಾಗದು.